ಬೀಗದ ಕೈ

ಚಟ್ಟ ಹೊತ್ತು ಬಂದವರನ್ನು ಸಭೆಯ ಹಿರಿಯರೊಬ್ಬರು ಚರ್ಚಿನ ಸಮಾಧಿ ತೋಟದ ಗೇಟಿನಲ್ಲೇ ತಡೆದರು. ಬೀಗದ ಕೈ ಅವರ ಮುಷ್ಟಿಯಲ್ಲಿತ್ತು.

“ದೀಕ್ಷಾಸ್ನಾನ ಆಗಿತ್ತಾ?” ಚಟ್ಟದತ್ತ ನೋಡದೆ ಕೇಳಿದರು.

“ಇಲ್ಲ,” ಎಂದ ಮುಂದಿದ್ದ ಮುದುಕ.

“ಹಂಗಾದ್ರೆ ಇಲ್ಲಿ ಮಣ್ಣು ಮಾಡಂಗಿಲ್ಲ. ನಿಮ್ಮೂರಿಗೇ ತಕ್ಕೊಂಡ್ ಹೋಗಿ.”

“ಅಲ್ಲೂ ಜಾಗ ಕೊಡ್ನಿಲ್ಲ. ಮಗ ನಿಮ್ ಸಭೆ ಸೇರ್ಕಂಡ. ಅಂಥವನ್ಗೆ ಹಿಟ್ಟಿಕ್ಕುದ್ಲು ಅಂತ ಕುಲದೋರು ಇವಳನ್ನೂ ಹೊರಗಿಟ್ರು.”

ಹಿರಿಯರ ಮುಷ್ಟಿ ಇನ್ನಷ್ಟು ಬಿಗಿಯಾಯಿತು. “ಕರ್ತನ ಮುಂದೆ ನಮ್ಮೋರು ನಿಮ್ಮೋರು ಅಂತಿಲ್ಲ. ನಿಯಮ ಎಲ್ರಿಗೂ ಒಂದೇ.”

ಹೊತ್ತವರು ಚಟ್ಟ ಇಳಿಸಿದರು. ಹಿಂದೆ ಹೆಗಲು ಕೊಟ್ಟಿದ್ದವನು ಬಂದು ಹೆಣದ ಮುಖದ ಮೇಲಿನ ಬಟ್ಟೆ ಸರಿಸಿದ.

“ಗೇಟು ತೆಗೀಬ್ಯಾಡ ಬುಡು, ಅಣ್ಣ. ನಿನ್ ಹೆತ್ತವ್ವನ ಮುಖನಾದ್ರೂ ಒಂದ್ಸಲ ನೋಡು.”