ಆರತಿ ಎತ್ತಿದ ಕೈ

"ನೀವೇ ಆರತಿ ಎತ್ತಿ, ಸುಂದ್ರಮ್ಮ," ಎಂದು ಎಂಜಿನಿಯರ್ ತಟ್ಟೆ ನೀಡಿದಾಗ ಅವಳು ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಗಂಡ ತೀರಿಕೊಂಡ ಮೇಲೆ ಯಾರೂ ಅವಳನ್ನು ಆರತಿಗೆ ಕರೆದಿರಲಿಲ್ಲ. ಗುಂಡ್ಲುಪೇಟೆ ಬಳಿಯ ಆ ಸೋಲಾರ್ ಪಾರ್ಕಿನಲ್ಲಿ ತನ್ನ ಜೊತೆ ಸೋಲಾರ್ ಪ್ಲೇಟು ತೊಳೆಯುವ ಹೆಂಗಸರೆಲ್ಲ ನೋಡುತ್ತಿದ್ದಂತೆ, ಹೊಸದಾಗಿ ಬಂದ ಯಂತ್ರಕ್ಕೆ ಅವಳು ಕುಂಕುಮವಿಟ್ಟು ಆರತಿ ಎತ್ತಿದಳು. ಎದೆ ಹಗುರಾಯಿತು.

ಎಂಜಿನಿಯರ್ ಗುಂಡಿ ಒತ್ತಿದ. ಯಂತ್ರ ತಾನಾಗಿಯೇ ಪ್ಲೇಟುಗಳ ಮೇಲೆ ಹರಿದು, ಹನಿ ನೀರಿಲ್ಲದೆ ಒಂದಿಡೀ ಸಾಲಿನ ಧೂಳು ಒರೆಸಿಬಿಟ್ಟಿತು.

"ಇನ್ನು ನಾವೇನ್ ತೊಳ್ಯದು ಸಾ?" ಶಿವಲಕ್ಷ್ಮಿ ನಗುತ್ತಲೇ ಕೇಳಿದಳು.

"ನಾಳೆಯಿಂದ ನೀವ್ಯಾರೂ ಬರೋದು ಬೇಡಮ್ಮ. ಎಲ್ಲಾ ಇದೇ ನೋಡ್ಕೊಳ್ಳುತ್ತೆ."

ಎಂಜಿನಿಯರನ್ನು ಯಾರೂ ಏನೂ ಕೇಳಲಿಲ್ಲ. ಎಲ್ಲರೂ ಸುಂದ್ರಮ್ಮನತ್ತ ತಿರುಗಿದರು.

"ಮುತ್ತೈದೆ ಕೈಲಿ ಎತ್ತಿಸ್ಬೇಕಿತ್ತು ಕಣಕ್ಕ," ಎಂದಳು ಶಿವಲಕ್ಷ್ಮಿ. "ನೀನ್ಯಾಕೆ ತಟ್ಟೆ ಇಸ್ಕಂಡೆ?"