ಗುರುಸಂಗಪ್ಪಜ್ಜನ ಕೊಪ್ಪರಿಗೆ

ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಮನೆಯ ಹಳೇ ಪಾತ್ರೆಗಳನ್ನು ಒಮ್ಮೆ ನೆನಪಿಸಿಕೊಳ್ಳಿ...

ಮಲಪ್ರಭಾ ದಂಡೆಯ ಒಂದು ಹಳ್ಳಿ. ಗುರುಸಂಗಪ್ಪಜ್ಜ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು.

ಅಜ್ಜ ಇದ್ದಷ್ಟು ದಿನ ಬಸವ ಜಯಂತಿಗೆ ಇಡೀ ಓಣಿಗೆ ಗೋಧಿ ಹುಗ್ಗಿ ಬಡಿಸುತ್ತಿದ್ದ. ತಾಮ್ರದ ದೊಡ್ಡ ಕೊಪ್ಪರಿಗೆ, ಅದರ ಅಂಚಿನ ಮೇಲೆ ಅಜ್ಜನ ಹೆಸರು. ಎಲ್ಲರೂ ಉಂಡ ಮೇಲೆ, ತಳ ಕೆರೆದು ಉಳಿದದ್ದು ಅಜ್ಜನಿಗೆ.

ಹಾಗಾಗಿ ಮೊಮ್ಮಗಳು ದಾಕ್ಷಾಯಣಿ ಪುಣ್ಯತಿಥಿಗೆಂದು ಬಂದಾಗ ಹಟ ಹಿಡಿದಳು... "ಹುಗ್ಗಿ ಆಗೋದಾದ್ರ ಅಜ್ಜನ ಕೊಪ್ಪರಗ್ಯಾಗನ ಆಗಬೇಕು."

ಆದರೆ ಅಟ್ಟ ಹತ್ತಿ ನೋಡಿದರೆ... ಕೊಪ್ಪರಿಗೆ ಇಲ್ಲ.

ಹಂಡೆ ಇಲ್ಲ. ಹಿತ್ತಾಳೆ ಕೊಡಗಳಿಲ್ಲ. ಹರಿದ ಗೋಣಿಚೀಲ, ಜೇಡರ ಬಲೆ, ಅಷ್ಟೇ!

"ಕಾಕಾ, ಪಾತ್ರಿ ಎಲ್ಲಿ ಅದಾವು?"

ಕಾಕಾ ತಲೆ ಕೆರೆದುಕೊಂಡ. "ನನಗೇನ್ ಗೊತ್ತವಾ. ಅಪ್ಪನ್ನ ಕೇಳೋ ಧೈರ್ಯ ಯಾರಿಗಿತ್ತು?"

ದಾಕ್ಷಾಯಣಿಯ ತಲೆಯಲ್ಲಿ ಹುಳ ಹೊಕ್ಕಿತು. ಕೊನೇ ದಿನಗಳಲ್ಲಿ ಅಜ್ಜನ ಕಣ್ಣು ಮಂಜಾಗಿತ್ತು. ಆಗ ಮನೆಗೆ ಹೋಗಿ ಬಂದು ಮಾಡುತ್ತಿದ್ದವರು ಯಾರು? ದನದ ಕೊಟ್ಟಿಗೆ ಗುಡಿಸುತ್ತಿದ್ದ ಯಮನವ್ವ.

ನೀರು ಕೇಳುವ ನೆಪ ಮಾಡಿ ದಾಕ್ಷಾಯಣಿ ಅವಳ ಮನೆಗೇ ಹೋದಳು. ಯಮನವ್ವ ತಂಬಿಗೆ ತರಲು ಒಳಗೆ ಹೋದಾಗ ಮೂಲೆಯತ್ತ ಕಣ್ಣು ಹೋಯಿತು. ಹಳೇ ಕೌದಿ ಹೊದಿಸಿದ ದೊಡ್ಡದೊಂದು ಪಾತ್ರೆ. ಕೌದಿಯ ಅಂಚು ಸರಿಸಿದಳು...

ಅಜ್ಜನ ಹೆಸರು.

"ಯಮನವ್ವ, ಇದು ನಮ್ಮ ಕೊಪ್ಪರಗಿ ಅಲ್ಲೇನು?"

"ಹೌದು ದಾಕ್ಷವ್ವಾ... ನಿಮ್ಮದ."

"ಇಲ್ಲಿ ಹೆಂಗ ಬಂತು?"

"ಅಜ್ಜಾರ ತಂದಿಟ್ರು."

"ನಮ್ಮ ಅಟ್ಟ ಪೂರಾ ಖಾಲಿ ಐತಿ. ಒಂದು ಪಾತ್ರಿ ಉಳದಿಲ್ಲ. ಇದನ್ನರ ಕೊಡು, ಈಗ ಒಯ್ತೀನಿ."

ಅಟ್ಟ ಖಾಲಿ ಎಂದು ಕೇಳಿ ಯಮನವ್ವ ಬೆಚ್ಚಿದಳು. ಬಂದು ಕೊಪ್ಪರಿಗೆಗೆ ಅಡ್ಡ ನಿಂತಳು. "ಈಗ ಬ್ಯಾಡ ಯವ್ವಾ... ನಾಡದ ಪುಣ್ಯತಿಥಿಗಿ ನಾನ ತರ್ತೀನಿ."

ನಾಡಿದ್ದು ಯಾಕೆ? ಅಷ್ಟರಲ್ಲಿ ಗುಜರಿಯವನಿಗೆ ಮಾರಿ ಕೈ ತೊಳೆದುಕೊಳ್ಳುವುದಕ್ಕೋ?

ಅಲ್ಲಿಂದ ದಾಕ್ಷಾಯಣಿಗೆ ಊರೆಲ್ಲ ಕಳ್ಳರೇ ಕಾಣತೊಡಗಿದರು.

ಮರುದಿನ ಯಮನವ್ವ ಮೊರ ಹಿಡಿದು ಮನೆ ಮನೆಗೆ ಹೋಗುವುದು ಕಂಡಿತು. ಹೋದಲ್ಲೆಲ್ಲ ಏನೋ ಪಿಸುಮಾತು. ಕಂಬಾರ ಮೌನೇಶಪ್ಪ ದಾಕ್ಷಾಯಣಿಯನ್ನು ನೋಡಿದ್ದೇ ತನ್ನ ಬಾಗಿಲು ಎಳೆದುಕೊಂಡ. ಬಾಗಿಲ ಸಂದಿಯಲ್ಲಿ ಹಿತ್ತಾಳೆಯ ಹಂಡೆಯೊಂದು ಹೊಳೆದಂತಾಯಿತು...

"ಮುದುಕನ್ನ ಹುರಿದು ಮುಕ್ಕ್ಯಾರ ಕಾಕಾ. ನಾಳೆ ಊಟ ಮುಗೀಲಿ, ನಾ ಪೊಲೀಸ್ ಕಂಪ್ಲೇಂಟ್ ಕೊಡಾಕಿ."

ಬಾಡಿಗೆ ಪಾತ್ರೆಗೆ ಫೋನ್ ಮಾಡಿದಳು. ಆದರೆ ಊಟ ಸೇರಲಿಲ್ಲ. ಅವಳನ್ನು ನಿಜವಾಗಿ ಕೊರೆಯುತ್ತಿದ್ದುದು ಪಾತ್ರೆಯಲ್ಲ. ಊರೇ ತನ್ನ ಮನೆ ಎಂದು ಬದುಕಿದವನನ್ನು ಆ ಊರೇ ದೋಚಿದ್ದರೆ... ಅಜ್ಜನ ಬಾಳಿಗೆ ಏನು ಅರ್ಥ ಉಳಿಯಿತು?

ಪುಣ್ಯತಿಥಿಯ ಬೆಳಿಗ್ಗೆ. ಅಂಗಳದಲ್ಲಿ ಬಾಡಿಗೆಯ ಅಲ್ಯೂಮಿನಿಯಂ ಪಾತ್ರೆಗಳು ಬಂದು ಕೂತಿದ್ದವು.

ಅಷ್ಟರಲ್ಲಿ ಒಂದು ತಳ್ಳುಗಾಡಿ ಬಂತು. ತಳ್ಳುತ್ತಿದ್ದವಳು ಯಮನವ್ವ. ಗಾಡಿಯ ಮೇಲೆ ಹುಣಸೆಹಣ್ಣು ಹಚ್ಚಿ ಬೆಳಗಿದ ಕೊಪ್ಪರಿಗೆ... ಅದರ ಕಂಠದವರೆಗೆ ಗೋಧಿ.

"ತಡಾ ಆತು ದಾಕ್ಷವ್ವಾ. ತಪ್ಪು ತಿಳೀಬ್ಯಾಡ."

"ಇಷ್ಟು ಗೋಧಿ ಯಾಕ ಯಮನವ್ವ?"

"ಬರೇ ಪಾತ್ರಿ ಹೊಳ್ಳಿ ಕೊಡಬಾರದಲ್ಲ ಯವ್ವಾ..."

ಯಮನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನ್ನ ಗಂಡ ಹೋದಾಗ ಮನ್ಯಾಗ ಕಾಳಿರಲಿಲ್ಲ. ಕೇಳಾಕ ನಾಚಿಕಿ. ಅಜ್ಜಾರು ಈ ಕೊಪ್ಪರಗಿ ತುಂಬ ಗೋಧಿ ತಂದಿಟ್ಟು, 'ನಮ್ಮ ಮನ್ಯಾಗ ಜಾಗ ಇಲ್ಲವಾ, ನಿನ್ನ ಮನ್ಯಾಗ ಇಟಗೋ' ಅಂದ್ರು. ಹುಗ್ಗಿ ಮಾಡೋ ದಿನ ಅವರ ಬಂದು ಒಯ್ತಿದ್ರು, ಮತ್ತ ತುಂಬಿಸಿ ತಂದಿಡ್ತಿದ್ರು. ನಾ ಬೇಡಲಿಲ್ಲ, ಅವರು ಕೊಟ್ಟೆ ಅನಲಿಲ್ಲ."

"ಸುಗ್ಗ್ಯಾಗ ಕೂಲಿಗೆ ಬಂದ ಗೋಧಿ ತುಂಬ್ಕೋತ ಬಂದಿದ್ದೆ. ಮೊನ್ನೆ ನೀ ಕೇಳಿದಾಗ ಸ್ವಲ್ಪ ಕಡಿಮಿ ಇತ್ತು. ನಾಕ ಮನೀ ಕಾಳು ಹಸನ ಮಾಡಿ, ಅದರ ಕೂಲಿ ಗೋಧಿ ತಂದು ತುಂಬಿದೆ."

ದಾಕ್ಷಾಯಣಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಮತ್ತ... ಮನೀ ಮನೀಗೆ ಏನ್ ಹೇಳ್ಕೋತ ಹೋಗಿದ್ದಿ?"

"ನಾನೊಬ್ಬಾಕೀನ ಅಂದ್ಕೊಂಡಿದ್ದೆ ಯವ್ವಾ. ಅಟ್ಟ ಪೂರಾ ಖಾಲಿ ಅಂತ ನೀ ಅಂದಾಗ ತಿಳೀತು... ನನ್ನಂಥೋರು ಇನ್ನೂ ಅದಾರ ಅಂತ. ಅಜ್ಜಾರ ಪಾತ್ರಿ ಇದ್ದೋರು ಇವತ್ತ ತರ್ರಿ ಅಂತ ಹೇಳಿ ಬಂದೆ."

ದಾಕ್ಷಾಯಣಿ ತಲೆ ಎತ್ತಿದಳು. ಓಣಿಯ ತಿರುವಿನಲ್ಲಿ ಮೌನೇಶಪ್ಪ, ಹೆಗಲ ಮೇಲೆ ಹಂಡೆ ತುಂಬ ಬೆಲ್ಲ. ಅವನ ಹಿಂದೆ ಕೊಡ ತುಂಬ ಹಾಲು. ಅದರ ಹಿಂದೆ ಇನ್ನೊಬ್ಬರು... ಮತ್ತೊಬ್ಬರು... ಒಬ್ಬರನ್ನೊಬ್ಬರು ನೋಡಿ ಬೆರಗಾಗುತ್ತಾ ಬರುತ್ತಿದ್ದರು. ಇಷ್ಟು ವರ್ಷ ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ!

ದಾಕ್ಷಾಯಣಿ ಯಮನವ್ವನ ಕೈ ಹಿಡಿದು ಅತ್ತಳು. "ನಾ ನಿನ್ನ ಕಳ್ಳಿ ಅಂದ್ಕೊಂಡಿದ್ದೆ..."

"ಗೊತ್ತಿತ್ತು ಬಿಡವ್ವಾ. ಹುಗ್ಗಿಗೆ ಒಲಿ ಹಚ್ಚೂಣು ನಡಿ."

ಬಾಡಿಗೆ ಪಾತ್ರೆಗಳು ವಾಪಸ್ ಹೋದವು. ಹುಗ್ಗಿ ಕೊಪ್ಪರಿಗೆಯಲ್ಲೇ ಕುದಿಯಿತು. ಎಲ್ಲರೂ ಉಂಡ ಮೇಲೆ ತಳ ಕೆರೆದು ದಾಕ್ಷಾಯಣಿ ಉಂಡಳು.

ಸಂಜೆ ಅವಳು ಕೊಪ್ಪರಿಗೆ ತೊಳೆದು, ಮನೆಯ ಗೋಧಿ ತುಂಬಿ, ಯಮನವ್ವನನ್ನು ಕರೆದಳು. ಯಮನವ್ವ ತಲೆಯಾಡಿಸಿ ಓಣಿಯ ತುದಿಯ ಮನೆಯತ್ತ ಕೈ ತೋರಿದಳು. "ನನಗ ಸಾಕವ್ವಾ. ಆ ಮನ್ಯಾಗ ಹೊಸದಾಗಿ ಬಂದಾರ... ಎರಡು ದಿನಾ ಆತು, ಒಲಿ ಹೊಗಿ ಕಂಡಿಲ್ಲ."

ತಳ್ಳುಗಾಡಿ ಆ ಬಾಗಿಲಲ್ಲಿ ನಿಂತಿತು. ಎಳೇ ಬಾಣಂತಿಯೊಬ್ಬಳು ಹೊರಗೆ ಬಂದು ಅನುಮಾನದಿಂದ ನೋಡಿದಳು.

ದಾಕ್ಷಾಯಣಿ ಕೊಪ್ಪರಿಗೆಯ ಮೇಲೆ ಕೈಯಿಟ್ಟಳು...

"ನಮ್ಮ ಮನ್ಯಾಗ ಜಾಗ ಇಲ್ಲ ತಂಗೀ. ಇದನ್ನ ನಿನ್ನ ಮನ್ಯಾಗ ಇಟಗೋತೀ ಏನು?"

~~~

*ಪಡೆದವರ ತಲೆ ತಗ್ಗದಂತೆ ಕೊಟ್ಟವರು, ಸತ್ತ ಮೇಲೂ ಊರಿನ ಮನೆಮನೆಯಲ್ಲಿ ಬದುಕಿರುತ್ತಾರೆ.*

ನೀವು ಇವತ್ತು ಅನುಮಾನದಿಂದ ನೋಡಿದ ಆ ಒಬ್ಬರ ಮನೆಯ ಕೌದಿಯ ಕೆಳಗೆ ಏನಿದೆ ಎಂದು... ಒಮ್ಮೆಯಾದರೂ ಪ್ರೀತಿಯಿಂದ ಕೇಳಿದ್ದೀರಾ?