ನಿನಗೇನನ್ನಿಸುತ್ತೆ?

"ರೌಶನ್, ಈ ಹಸಿರು ಗುಂಡಿ ಒತ್ತಲೇನೇ?" ಜೈನೆಪ್‌ಳ ಬೆರಳು ಮೊಬೈಲಿನ ಮೇಲೆ ತಡವರಿಸಿತು.

"ನಿನಗೇನನ್ನಿಸುತ್ತೆ, ಅಮ್ಮ?" ಎಂದಳು ಮಗಳು. ಮನೆಮಂದಿಯನ್ನು ಹತ್ತಿರ ತರುವ ಹೊಸ ಆ್ಯಪ್ ಕಂಪನಿಯಲ್ಲಿ ಅವಳ ಜವಾಬ್ದಾರಿ. ಬಳಸುವವರಿಗೆ ಉತ್ತರ ಹೇಳಿಕೊಡಬಾರದು, ಪ್ರಶ್ನೆಯನ್ನು ಅವರಿಗೇ ತಿರುಗಿಸಿ ಸುಮ್ಮನೆ ನೋಡುತ್ತಿರಬೇಕು; ಅದು ಅವಳ ಕಸುಬಿನ ಮೊದಲ ಪಾಠ. ಅಮ್ಮ ಆ ಆ್ಯಪನ್ನು ಹೇಗೆ ಬಳಸುತ್ತಾಳೆಂದು ನೋಡಲೆಂದೇ ಅಲ್ಮಾಟಿ ನಗರದಿಂದ ಶಿಮ್ಕೆಂಟಿನ ತವರಿಗೆ ಬಂದಿದ್ದಳು. ಮಗಳು ಬರುತ್ತಾಳೆಂದು ಜೈನೆಪ್ ಬಜಾರಿನ ಅಂಗಡಿಗೆ ಬೀಗ ಹಾಕಿ ಬೌರ್ಸಾಕ್ ಎಂಬ ಹಿಟ್ಟಿನ ಉಂಡೆಗಳನ್ನು ಕರಿದಿದ್ದಳು.

"ಅಯ್ಯೋ, ಇದನ್ನ ಕೇಳೋಕೆ ನಿನಗೆ ಸಂಬಳ ಬೇರೆ ಕೊಡ್ತಾರಾ!" ಜೈನೆಪ್ ನಕ್ಕು ಮೊಬೈಲನ್ನು ಪಕ್ಕಕ್ಕಿಟ್ಟಳು. ಮಗಳ ಬತ್ತಿದ ಕೆನ್ನೆ ಕಂಡು ದನಿ ತಗ್ಗಿಸಿದಳು. "ನಿಜ ಹೇಳು ಮಗಳೇ, ಹೊಟ್ಟೇಲಿಟ್ಕೊಂಡು ಕೊರಗಬೇಡ. ನಿನಗೂ ಗಂಡನಿಗೂ ಸರಿಯಿಲ್ಲ ಅಂತ ಕೇರಿಯೆಲ್ಲ ಆಡ್ಕೋತಿದೆ. ಹೌದಾ?"

ರೌಶನ್‌ಳ ಕಣ್ಣು ಮೊಬೈಲಿನ ಮೇಲೆಯೇ ಇತ್ತು. ಅಮ್ಮ ಯಾವಾಗ ಬೇಸತ್ತು ಅದನ್ನು ಕೆಳಗಿಟ್ಟಳು ಎಂಬುದನ್ನು ಬರೆದುಕೊಳ್ಳುತ್ತಿದ್ದಳು. "ನಿನಗೇನನ್ನಿಸುತ್ತೆ, ಅಮ್ಮ?" ಎಂದಳು.

ಆಡಿದ ಮೇಲೆ ಮಾತು ಅವಳ ಕಿವಿಗೇ ಬಿತ್ತು. ತಲೆ ಎತ್ತಿದಳು. ಜೈನೆಪ್ ಮಗಳ ಬಟ್ಟಲಿಗೆ ಚಹಾ ಸುರಿಯುತ್ತಿದ್ದಳು. ಬೇಕಾದವರಿಗೆ ಅವಳು ಎಂದೂ ಎರಡು ಗುಟುಕಿಗಿಂತ ಹೆಚ್ಚು ಹಾಕಿದವಳಲ್ಲ. ಮತ್ತೆ ಮತ್ತೆ ಬಗ್ಗಿಸಿ ಕೊಡುತ್ತಾ ಕೂರಿಸಿಕೊಳ್ಳುವುದೇ ಅಲ್ಲಿಯ ಪದ್ಧತಿ. ಅಂಚಿನವರೆಗೆ ತುಂಬುವುದು, ಕುಡಿದು ಎದ್ದು ಹೋಗಲಿ ಅನ್ನಿಸಿದ ಅತಿಥಿಗೆ. ಚಹಾ ಬಟ್ಟಲಿನ ಅರ್ಧ ದಾಟಿತು. ಅಮ್ಮನ ಕೈ ನಿಲ್ಲಲಿಲ್ಲ.